ಓವರ್‌ರೇಟೆಡ್ ಅಳಿಯ

ಬೆಂಗಳೂರಿನ ಯಾವ ಇಂಜಿನಿಯರಿಂಗ್ ಕಾಲೇಜಿಗೆ ಹೋದರೂ ಸೆಕ್ಷನ್ನಿಗೊಬ್ಬನಂತೆ ಇವನು ಸಿಗುತ್ತಾನೆ. ಕೊರಳಲ್ಲಿ ದೊಡ್ಡ ಹೆಡ್‌ಫೋನು. ಕಿವಿಗೆ ಹಾಕಿಕೊಂಡರೆ ಪಕ್ಕದವನು ಏನು ಕೇಳುತ್ತಿದ್ದಾನೆಂದು ತಿಳಿಯುವುದಿಲ್ಲ. ತಿಳಿಯದೆ ಅದನ್ನು ಹೀಗಳೆಯುವುದಾದರೂ ಹೇಗೆ? ಹಾಡಲು ಬಾರದು, ನುಡಿಸಲು ಬಾರದು. ಗಿಟಾರೊಂದಿದೆ, ಅದರ ಮೇಲೆ ಸದಾ ಒಂದು ಜೀನ್ಸ್ ಪ್ಯಾಂಟು ಒಣಗುತ್ತಿರುತ್ತದೆ. ಅಭಿಪ್ರಾಯಗಳ ವಿಷಯ ಮಾತ್ರ ಕೇಳಬೇಡಿ. ಕೇಳದಿದ್ದರೂ ಹೇಳುತ್ತಾನೆ.

ಇಂಥವರ ಪೈಕಿ ನನ್ನ ಪಾಲಿಗೆ ಬಂದವನು ಅಕ್ಕನ ಮಗ. ತಿಪಟೂರಿನಿಂದ ಓದಲು ಬಂದು ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆ ಸೇರಿದ್ದಾನೆ. ಹಾಸ್ಟೆಲ್ ಊಟ ಒಗ್ಗಲಿಲ್ಲ ಎಂಬುದು ಅವರಮ್ಮನಿಗೆ ಹೇಳಿದ ಕಾರಣ. ಅಸಲು ಕಾರಣವೆಂದರೆ ರೂಮ್‌ಮೇಟು ಬೆಳಗೆದ್ದು ಅರಿಜಿತ್ ಸಿಂಗ್ ಹಚ್ಚುತ್ತಿದ್ದನಂತೆ.

"ತಪ್ಪೇನೋ? ಚೆನ್ನಾಗೇ ಹಾಡ್ತಾರಲ್ಲ" ಎಂದೆ.

"ಹಾಡ್ತಾರೆ ಮಾಮ. ಆದ್ರೆ ಎಲ್ರೂ ಕೇಳ್ತಾರೆ" ಎಂದ, ಹಳಸಿದ ಚಟ್ನಿ ಬಾಯಿಗಿಟ್ಟವನ ಮುಖ ಮಾಡಿಕೊಂಡು.

ಅವನ ಸಂಗೀತಶಾಸ್ತ್ರವೆಲ್ಲ ಇಷ್ಟೇ. ಹೊಸ ಹಾಡು ಬಂದರೆ ಮೊದಲು ಕೇಳುವುದಿಲ್ಲ, ನೋಡುತ್ತಾನೆ: ವ್ಯೂಸ್ ಎಷ್ಟು? ಎರಡು ಸಾವಿರದ ಒಳಗಿದ್ದರೆ ಅದು 'ಜೆಮ್'. ಲಕ್ಷ ದಾಟಿದರೆ 'ಓಕೆ'. ಕೋಟಿ ಮುಟ್ಟಿ, ಆಟೋದಲ್ಲಿ ಕೇಳಿಸಿ, ಅವರಮ್ಮ ಅದಕ್ಕೊಂದು ರೀಲ್ಸ್ ಮಾಡಿಬಿಟ್ಟರೆ ಅಲ್ಲಿಗೆ ಹಾಡಿನ ಆಯುಸ್ಸು ಮುಗಿಯಿತು, 'ಓವರ್‌ರೇಟೆಡ್'. ಹಾಗೆ ಸತ್ತದ್ದು ಹದಿನೈದು ವರ್ಷ ಸುಮ್ಮನೆ ಬಿದ್ದಿದ್ದರೆ ಒಂದು ದಿನ 'ಕಲ್ಟ್' ಆಗಿ ಎದ್ದು ಕೂರುತ್ತದೆ. 'ಮುಂಗಾರು ಮಳೆ' ತೆರೆಗೆ ಬಂದದ್ದು 2006ರ ಡಿಸೆಂಬರಿನಲ್ಲಿ. ಆಗ ಇವನು ತೊಟ್ಟಿಲಲ್ಲಿದ್ದ. ಮನೋಮೂರ್ತಿ ರಾಗ ಹಾಕಿದ ಆ ಹಾಡುಗಳು ಕಂಡವರ ಮೊಬೈಲಿನ ಕಾಲರ್ ಟ್ಯೂನಾಗಿ, ಸಾಲ ವಸೂಲಿಗೆ ಫೋನ್ ಮಾಡಿದರೂ ಮೊದಲು ಪ್ರೇಮಗೀತೆ ಕೇಳಬೇಕಾದ ಕಾಲ ಅದು. ಈಗ ಅದನ್ನೇ ಕಣ್ಣು ಮುಚ್ಚಿ ಕೇಳಿ, "ಜಯಂತ ಕಾಯ್ಕಿಣಿ ಡೆಪ್ತು ನಿಮ್ಮ ಜನರೇಷನ್‌ಗೆ ಅರ್ಥ ಆಗ್ಲಿಲ್ಲ ಬಿಡಿ" ಎಂದು ನನಗೆ ಹೇಳುತ್ತಾನೆ. ನಾನು ಆ ಸಿನಿಮಾಕ್ಕೆ ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡವನು.

ತಾನು ಹೋಗದ ಕಾರ್ಯಕ್ರಮಗಳ ನೆನಪು ಇವನಿಗೆ ಬಹಳ. ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಬಂದಿತ್ತಲ್ಲ, ಅದಕ್ಕೆ ಎರಡು ದಿನ ಮೊದಲು ದೆಹಲಿ ಪಕ್ಕದ ಗುರಗಾಂವಿನಲ್ಲಿ ಆಗಬೇಕಿದ್ದದ್ದು ರದ್ದಾಗಿ ಬೆಂಗಳೂರಿನವರಿಗೆ ಮಾತ್ರ ದಕ್ಕಿತ್ತಲ್ಲ, ಅದನ್ನು ಹೇಳುವಾಗ ಇವನ ಗಂಟಲು ಕಟ್ಟುತ್ತದೆ. "ಆ ಎನರ್ಜಿ ಇನ್ನು ವಾಪಸ್ ಬರಲ್ಲ" ಎಂದು ನಿಟ್ಟುಸಿರು ಬಿಡುತ್ತಾನೆ. ಆ ದಿನ ಇವನು ತಿಪಟೂರಿನಲ್ಲಿ ಯುಕೆಜಿ ಹೋಂವರ್ಕ್ ಮಾಡುತ್ತಿದ್ದ.

ಎಡ್ ಶೀರನ್ ಪ್ರಸಂಗವನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ಆ ಬಡಪಾಯಿ 'ಮದುವೆ ವಿಡಿಯೋ ಹಾಡುಗಾರ' ಆಗಿದ್ದ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಬಂದವನು ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ನಿಂತು ಹಾಡತೊಡಗಿದ. ನಮ್ಮ ಪೊಲೀಸರೊಬ್ಬರು ಬಂದು ಮೈಕಿನ ವೈರು ಕಿತ್ತರು. ವಿಡಿಯೋ ಬಂದ ತಕ್ಷಣ ಅಳಿಯ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ: "ಮಾಮ, ಆರ್ಟಿಸ್ಟ್ ಅಂದ್ರೆ ಇವನು! ರೆಬೆಲ್!" ಬೀದಿಯಲ್ಲಿ ಹಾಡಿ ಪೊಲೀಸರ ಕೈಲಿ ಸಿಕ್ಕಿಬಿದ್ದವನು ಪಾಪ್ ಹಾಡುಗಾರನಾದರೂ ಕ್ಷಮಾರ್ಹ. ಅಷ್ಟರಲ್ಲಿ ಇನ್ನೊಂದು ವಿಡಿಯೋ ಬಂತು. ಬೆಂಗಳೂರಿನ ವೇದಿಕೆಯ ಮೇಲೆಯೇ ಶೀರನ್ ಶಿಲ್ಪಾ ರಾವ್ ಜೊತೆ ತೆಲುಗು ಹಾಡು ಹಾಡುತ್ತಿದ್ದಾನೆ. ರೆಬೆಲ್ ಪಟ್ಟ ಅಲ್ಲೇ ಇಳಿಯಿತು. "ಬೆಂಗ್ಳೂರಿಗೆ ಬಂದು ತೆಲುಗಾ?" ಎಂದು ಗೊಣಗಿಕೊಂಡು ಮೇಲೆ ಹೋದ. ಈ ಸಲ ಒಂದೊಂದೇ ಮೆಟ್ಟಿಲು.

ಭಾಷೆಯ ವಿಷಯದಲ್ಲಿ ಹುಡುಗ ಖಡಾಖಂಡಿತ. ಅದೇ ವರ್ಷದ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜು ವೇದಿಕೆಯಲ್ಲಿ ಸೋನು ನಿಗಮ್ ಆಡಿದ ಮಾತಿಗೆ ಗದ್ದಲವೆದ್ದು, ಫಿಲಂ ಚೇಂಬರ್ ಅಸಹಕಾರ ಸಾರಿದಾಗ, ಇವನೂ ತನ್ನ ಮೊಬೈಲಿನ ಮಟ್ಟಿಗೆ ಅಸಹಕಾರ ಸಾರಿ ಆ ದನಿಯ ಹಾಡುಗಳನ್ನೆಲ್ಲ ಅಳಿಸಿದ. ದುರ್ದೈವಕ್ಕೆ ಅದೇ ವಾರ ಅವನಿಗೆ ಬ್ರೇಕಪ್ ಆಯಿತು. ನೋಡಿದರೆ ಕನ್ನಡದ ವಿರಹವನ್ನೆಲ್ಲ ಇಪ್ಪತ್ತು ವರ್ಷದಿಂದ ಆ ಪುಣ್ಯಾತ್ಮನಿಗೇ ಗುತ್ತಿಗೆ ಕೊಟ್ಟಿದ್ದೇವೆ! ಅಳಿಯನಿಗೆ ಅಳಲು ಹಾಡಿಲ್ಲ. ಸೋನು ನಿಗಮ್ ಕ್ಷಮೆ ಕೇಳಿದ ಸುದ್ದಿ ಬಂದಾಗ ನಾಡಿನಲ್ಲಿ ಯಾರಿಗೆ ಎಷ್ಟು ಸಮಾಧಾನವಾಯಿತೋ, ನಮ್ಮ ಮಹಡಿ ಕೋಣೆಯಲ್ಲಂತೂ ಆಯಿತು.

ಇಳಯರಾಜ ಈ ಗುಂಪಿನಲ್ಲಿ ವಿನಾಯಿತಿ ಪಡೆದ ದೇವರು. ಲೋಕವೆಲ್ಲ ಕೇಳಿದರೂ ಮೈಲಿಗೆಯಿಲ್ಲ. ಒಂದು ಭಾನುವಾರ ಅವರ ಗುಣಗಾನ ನಡೆದಿತ್ತು. "ಅವರು ನಮ್ಮ ಜಿ.ಕೆ. ವೆಂಕಟೇಶರ ಹತ್ತಿರ ಅಸಿಸ್ಟೆಂಟ್ ಆಗಿದ್ದೋರು ಕಣೋ" ಎಂದೆ.

"ಯಾರು?"

ಆ 'ಯಾರು' ನನಗೆ ಸಹಿಸಲಾಗಲಿಲ್ಲ. ವೆಂಕಟೇಶರ ಸಂಗೀತವಿದ್ದ 1977ರ 'ಸನಾದಿ ಅಪ್ಪಣ್ಣ' ಹುಡುಕಿ, ರಾಜ್‌ಕುಮಾರ್ ಶೆಹನಾಯಿ ಹಿಡಿದು ಕೂತು ಎಸ್. ಜಾನಕಿಯವರ ದನಿ ಬರುವ ಹಾಡು ಹಾಕಿ ಕೊಟ್ಟೆ. ಹೆಡ್‌ಫೋನು ಕೊರಳಿನಿಂದ ಕಿವಿಗೇರಿದ್ದನ್ನು ಅವತ್ತೇ ನೋಡಿದ್ದು. ಹಾಡು ಮುಗಿಯುವವರೆಗೂ ಮಿಸುಕಲಿಲ್ಲ. ನನಗೋ ಒಳಗೊಳಗೇ ಹಿಗ್ಗು.

"ಮಾಮ, ಶೆಹನಾಯಿ ಸ್ಯಾಂಪಲ್ ಸಖತ್ ಕ್ಲೀನಾಗಿದೆ. ಎಲ್ಲಿಂದ ಎತ್ತಿದ್ರು?"

"ಎತ್ತಿದ್ದಲ್ಲಪ್ಪ. ಉಸ್ತಾದ್ ಬಿಸ್ಮಿಲ್ಲಾ ಖಾನರನ್ನೇ ಕರೆಸಿ ನುಡಿಸಿದ್ದು."

ಅವನ ಬಾಯಿ ತೆರೆದದ್ದು ಹಾಗೇ ನಿಂತಿತು. "ಅಂದ್ರೆ... ಜಿ.ಕೆ.ವಿ. ಫೀಚರಿಂಗ್ ಬಿಸ್ಮಿಲ್ಲಾ ಖಾನ್?"

ಐವತ್ತು ದಾಟಿದ ನಾನು ಹೌದು ಎಂದು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಮಾರನೆಯ ದಿನ ಕ್ಯಾಂಟೀನಿನಲ್ಲಿ, ಜಿ.ಕೆ.ವಿ. ಕೇಳದವರು ಮ್ಯೂಸಿಕ್ ಬಗ್ಗೆ ಮಾತಾಡಲೇಬಾರದೆಂದು ಅಪ್ಪಣೆ ಹೊರಡಿಸಿದನಂತೆ. ವಾರವಿಡೀ ಮಹಡಿಯಿಂದ ಶೆಹನಾಯಿ ಕೇಳಿ ಎದುರುಮನೆಯವರು ಯಾರಿಗೆ ಮದುವೆಯೆಂದು ವಿಚಾರಿಸಿದರು. ಹೀಗೇ ನಡೆದಿದ್ದರೆ ಹುಡುಗ ಉದ್ಧಾರವಾಗಿಬಿಡುತ್ತಿದ್ದ. ಆದರೆ ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತಿದ್ದ ನಮ್ಮಮ್ಮ ಜಾನಕಿಯವರ ಜೊತೆಜೊತೆಗೆ ಇಡೀ ಪಲ್ಲವಿ ಗುನುಗಿಬಿಟ್ಟರು. "ಅಜ್ಜೀಗೂ ಗೊತ್ತಾ ಈ ಹಾಡು?" ಎಂದ. ಶೆಹನಾಯಿ ಅವತ್ತಿಗೆ ನಿಂತಿತು.

ಇಂಥವನು ತಾನೇ ಒಂದು ಹಾಡು ಮಾಡಿದ. ಕನ್ನಡ ರ‍್ಯಾಪು. ವಿಷಯ: ವ್ಯವಸ್ಥೆಯ ವಿರುದ್ಧ ಬಂಡಾಯ. ವ್ಯವಸ್ಥೆ ಎಂದರೆ ಅಟೆಂಡೆನ್ಸ್ ಶಾರ್ಟೇಜು. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದೆಂದು ನಮ್ಮ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಬೆನ್ನ ಮೇಲೆ ರಜಾಯಿ ಹೊದ್ದು, ನನ್ನ ಹೆಂಡತಿಯ ರೇಷ್ಮೆ ಸೀರೆಗಳ ನಡುವೆ ನಿಂತು ಕ್ರಾಂತಿ ಮಾಡಿದ. ಎರಡನೆಯ ಚರಣದಲ್ಲಿ ಕುಕ್ಕರಿನ ಸೀಟಿ ಕೇಳುತ್ತದೆ. ಅದನ್ನು ಬೇಕೆಂದೇ ಉಳಿಸಿದ್ದಂತೆ, ಮಧ್ಯಮವರ್ಗದ ಸಂಕೇತ.

ಯೂಟ್ಯೂಬಿಗೆ ಹಾಕಿದ್ದಾಯಿತು. ವ್ಯೂಸ್ ಮುನ್ನೂರು ಮುಟ್ಟಿ ಅಲ್ಲೇ ಕೂತವು. ಅವನದೇ ಶಾಸ್ತ್ರದ ಪ್ರಕಾರ ಅಪ್ಪಟ ಜೆಮ್, ಕುಣಿದಾಡಬೇಕಿತ್ತು. ಬದಲಿಗೆ ಹುಡುಗ ನೆಂಟರ ನಂಬರು ಹುಡುಕತೊಡಗಿದ. ಹಾಸನದ ಅತ್ತೆ, ಅರಸೀಕೆರೆಯ ದೊಡ್ಡಮ್ಮ, ಮೂರು ವರ್ಷದಿಂದ ಮಾತು ಬಿಟ್ಟಿದ್ದ ಚಿಕ್ಕಪ್ಪ, ಯಾರನ್ನೂ ಬಿಡಲಿಲ್ಲ. "ಲೈಕ್ ಮಾಡಿ, ಶೇರ್ ಮಾಡಿ, ಗಂಟೆ ಒತ್ತಿ ಚಿಕ್ಕಪ್ಪಾ." ಚಿಕ್ಕಪ್ಪ ಎಲ್ಲ ಮರೆತು ಅದನ್ನು ಕೊಬ್ಬರಿ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೂ ಕಳಿಸಿದರು. ಅಲ್ಲಿಂದ ಒಂದೇ ಉತ್ತರ ಬಂತು: "ಇವತ್ತು ಕ್ವಿಂಟಾಲಿಗೆ ಎಷ್ಟು?" ನಮ್ಮಮ್ಮ ಮಾತ್ರ ಪೂರ್ತಿ ಕೇಳಿದರು. "ಚೆನ್ನಾಗಿ ಬೈದಿದ್ದೀಯ ಮಗಾ. ಹಾಡು ಯಾವಾಗ ಶುರುವಾಗೋದು?"

ಆ ಮಾತು ನಾಟಿತೋ ಏನೋ, ಎರಡನೆಯದಕ್ಕೆ ಬುದ್ಧಿ ಬಂದಿತ್ತು. ಬೈಗುಳ ಕಡಿಮೆ, ನಡುವೆ ಸಹಪಾಠಿ ಹುಡುಗಿಯೊಬ್ಬಳ ಇಂಪಾದ ನಾಲ್ಕು ಸಾಲು. ವ್ಯೂಸ್ ಸಾವಿರ ದಾಟಿದವು. ಮೊನ್ನೆ ಸಂಜೆ ಕಾಲೇಜಿನಿಂದ ಬರುವಾಗ ಕೈಯಲ್ಲಿ ಅರ್ಧ ಕೆ.ಜಿ. ಮೈಸೂರು ಪಾಕು. ಯಾವುದೋ ಬ್ಯಾಕ್‌ಲಾಗು ಪಾಸಾಯಿತೆಂದು ಅವನ ಅತ್ತೆ ದೇವರ ಮುಂದೆ ದೀಪ ಹಚ್ಚಲು ಎದ್ದಳು.

"ಅದೆಲ್ಲ ಅಲ್ಲ ಅತ್ತೆ" ಎಂದ, ಮುಖ ಊರಗಲ ಮಾಡಿಕೊಂಡು. "ಕ್ಯಾಂಟೀನಲ್ಲಿ ಯಾವನೋ ಫಸ್ಟ್ ಇಯರ್ ಹುಡುಗ ಫ್ರೆಂಡ್ಸ್ ಹತ್ರ ಹೇಳ್ತಾ ಇದ್ದ. ನನ್ನ ಹಳೇ ಹಾಡೇ ಚೆನ್ನಾಗಿತ್ತಂತೆ, ಈಗ ಓವರ್‌ರೇಟೆಡ್ ಅಂತೆ!"

ಅವಳು ಹಚ್ಚಿದ ಕಡ್ಡಿ ಆರಿಸಿದಳು. ನಾನು ಮೈಸೂರು ಪಾಕು ತೆಗೆದುಕೊಂಡೆ.