ಹೆರಿಗೆಯ ಬಿಲ್ಲು ಯಾರ ಹೆಸರಿಗೆ?

(ಶಾರ್ಜಾದ ಒಂದು ಫ್ಲ್ಯಾಟು. ಭಾವ ಅಲ್ಲಿಯ ಒಂದು ಇಂಡಿಯನ್ ಸ್ಕೂಲಿನ ಅಕೌಂಟೆಂಟ್. ನಾದಿನಿ ಇನ್ನೊಂದು ಸ್ಕೂಲಿನಲ್ಲಿ ಗಣಿತದ ಟೀಚರ್, ಈಗ ಐದು ತಿಂಗಳ ಬಸುರಿ. ಇಬ್ಬರೂ ಪುತ್ತೂರು ಕಡೆಯವರು. ಮೇಜಿನ ಮೇಲೆ ನೀರುದೋಸೆ, ಚಟ್ನಿ ಮತ್ತು ಭಾವನ ಕ್ಯಾಲ್ಕುಲೇಟರ್.)

ಭಾವ: ನಿನ್ನ ದೂರು ಎಂತ ಅಂತಲೇ ನನಗೆ ಅರ್ಥ ಆಗುವುದಿಲ್ಲ ಮಾರಾಯ್ತಿ. ಈ ದೇಶದ 1980ರ ಕಾನೂನಿನಲ್ಲಿ ಹೆರಿಗೆ ರಜೆ 45 ದಿನ ಇದ್ದದ್ದು. ಅದರಲ್ಲೂ ವರ್ಷ ತುಂಬಿದವರಿಗೆ ಪೂರ್ತಿ ಸಂಬಳ, ತುಂಬದವರಿಗೆ ಅರ್ಧ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದು 60 ಆಯ್ತು: 45 ದಿನಕ್ಕೆ ಪೂರ್ತಿ ಸಂಬಳ, 15 ದಿನಕ್ಕೆ ಅರ್ಧ. ಅಪ್ಪನಿಗೂ ಐದು ದಿನ ಕೊಟ್ಟಿದ್ದಾರೆ. ಮೇಲಿಂದ ನಮ್ಮ ಶಾರ್ಜಾದಲ್ಲಿ ಶುಕ್ರ, ಶನಿ, ಭಾನು ಹೇಗೂ ಸ್ಕೂಲಿಗೆ ಬಾಗಿಲು. ಇನ್ನೂ ರಜೆ ಬೇಕು ಅಂದ್ರೆ ಪಾಠ ಮಾಡುವುದು ಯಾವಾಗ?

ನಾದಿನಿ: ವಾರಕ್ಕೆ ಮೂರು ದಿನದ ಹಾಗೆ ಕಂತಿನಲ್ಲಿ ಹೆರ್ಲಿಕ್ಕೆ ಆಗ್ತದಾ ಭಾವ? ಪರದೇಶದಲ್ಲಿರುವವಳಿಗೆ ಆ 60 ದಿನ ಹೇಗೆ ಕರಗ್ತದೆ ಅಂತ ಸ್ವಲ್ಪ ನೋಡಿ. ಊರಿಗೆ ಹೋಗಿ ಹೆರುವ ಅಂದ್ರೆ 36 ವಾರ ದಾಟಿದವರನ್ನು ವಿಮಾನದವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ತಿಂಗಳು ಮೊದಲೇ ಹೊರಟರೆ ಅರ್ಧ ರಜೆ ಬರೀ ಕಾಯುವುದರಲ್ಲೇ ಖರ್ಚು. ಉಳಿದರ್ಧದಲ್ಲಿ ಕೂಸು ಹುಟ್ಟಿ, ಅದಕ್ಕೆ ಬರ್ತ್ ಸರ್ಟಿಫಿಕೇಟು, ಪಾಸ್‌ಪೋರ್ಟು, ವೀಸಾ ಎಲ್ಲ ಆಗಿ, ನಾನು ವಾಪಸ್ ಬಂದು ಸಮೀಕರಣ ಬಿಡಿಸ್ಬೇಕು. ಇಲ್ಲೇ ಹೆರುವ ಅಂದ್ರೆ ಅಮ್ಮನನ್ನು ವಿಸಿಟ್ ವೀಸಾದಲ್ಲಿ ಕರೆಸ್ಬೇಕು. ಅದು ಹೆಚ್ಚಾಗಿ 30 ದಿನದ್ದು, ಇಲ್ಲದಿದ್ದರೆ 60 ದಿನದ್ದು. ಬಾಣಂತಿಯ ರಜೆ ಮುಗಿಯುವ ಹೊತ್ತಿಗೆ ಅಜ್ಜಿಯ ವೀಸಾವೂ ಮುಗೀತದೆ. ತಮಾಷೆ ಗೊತ್ತುಂಟಾ? ಹುಟ್ಟಿದ ಕೂಸಿಗೆ ರೆಸಿಡೆನ್ಸಿ ಮಾಡಿಸ್ಲಿಕ್ಕೆ ಸರ್ಕಾರ 120 ದಿನ ಕೊಡ್ತದೆ. ಕಾಗದಪತ್ರ ಸುಧಾರಿಸಿಕೊಳ್ಳಲಿಕ್ಕೆ 120, ಹೆತ್ತವಳು ಸುಧಾರಿಸಿಕೊಳ್ಳಲಿಕ್ಕೆ 60!

ಭಾವ: ಕಾಂಟ್ರಾಕ್ಟಿಗೆ ಸೈನ್ ಹಾಕುವಾಗ ಕಣ್ಣು ಮುಚ್ಚಿದ್ದೆಯಾ? ಊರಲ್ಲಿ 26 ವಾರ ಉಂಟಲ್ಲ, ಅಲ್ಲಿಯೇ ಕೆಲಸ ಮಾಡಬಹುದಿತ್ತು.

ನಾದಿನಿ: ಹೌದು, 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಕೊಟ್ಟರು. ಆದ್ರೆ ಆ ಸಂಬಳ ಯಾರ ಕಿಸೆಯಿಂದ? ಇಎಸ್‌ಐ ವ್ಯಾಪ್ತಿಯವರಿಗೆ ಇಎಸ್‌ಐ ಕೊಡ್ತದೆ, ಅದಕ್ಕೆ ತಿಂಗಳಿಗೆ 21,000 ರೂಪಾಯಿಯ ಸಂಬಳದ ಮಿತಿ. ಉಳಿದವರಿಗೆ ಕೆಲಸ ಕೊಟ್ಟವನೇ ಕೊಡ್ಬೇಕು. ಹಾಗಾಗಿ ಅಲ್ಲಿಯ ಮಾಲೀಕನೂ ಹೆಂಗಸಿನ ಅರ್ಜಿ ಕಂಡ ಕೂಡಲೇ ಮನಸ್ಸಿನಲ್ಲೇ ಬಿಲ್ಲು ಬರೀಲಿಕ್ಕೆ ಸಾಕು. ಕಾನೂನು ದಿನ ಜಾಸ್ತಿ ಮಾಡಿದಷ್ಟೂ ಬಿಲ್ಲು ಉದ್ದ ಆಗ್ತದೆ. ಬಿಲ್ಲು ಒಬ್ಬನ ಹೆಸರಿಗೇ ಇರುವ ತನಕ ರಜೆ ಕೇಳುವವಳು ಅವನಿಗೆ ಸಾಲಗಾರನ ಹಾಗೆಯೇ ಕಾಣ್ತಾಳೆ. ಇಲ್ಲಿ ನಮ್ಮ ಅವಸ್ಥೆ ಇನ್ನೂ ಕಷ್ಟ, ವೀಸಾವೂ ಅದೇ ಮಾಲೀಕನ ಕೈಯಲ್ಲಿ. ಬಸುರಿ ಅಂತ ಕೆಲಸದಿಂದ ತೆಗೀಬಾರದು ಅಂತ ಕಾನೂನು ಸ್ಪಷ್ಟವಾಗಿ ಹೇಳ್ತದೆ. ಆದ್ರೆ ಈಗ ಎಲ್ಲರದ್ದೂ ಅವಧಿಯ ಕಾಂಟ್ರಾಕ್ಟು. ಅವಧಿ ಮುಗಿದಾಗ ಸುಮ್ಮನೆ ರಿನ್ಯೂ ಮಾಡದಿದ್ದರೆ ಬಸುರೇ ಕಾರಣ ಅಂತ ಸಾಧಿಸುವುದು ಹೇಗೆ?

ಭಾವ: (ಕ್ಯಾಲ್ಕುಲೇಟರ್ ಎಳೆದುಕೊಂಡು) ಶಾಲೆಯವರ ಕಷ್ಟವನ್ನೂ ಕೇಳು. ಒಬ್ಬ ಟೀಚರ್ ಸಂಬಳ ತಿಂಗಳಿಗೆ 4,000 ದಿರ್ಹಂ ಅಂತ ಇಟ್ಕೊ. 45 ದಿನಕ್ಕೆ ಪೂರ್ತಿ, 15ಕ್ಕೆ ಅರ್ಧ, ಒಟ್ಟು ಐವತ್ತೆರಡೂವರೆ ದಿನದ ಸಂಬಳ. ಸರಿಯಾಗಿ 7,000. ಅವಳ ಕ್ಲಾಸಿಗೆ ಬದಲಿ ಟೀಚರ್ ತಂದರೆ ಅವಳಿಗೂ ಸಂಬಳ. ಒಂದೇ ಟರ್ಮಿನಲ್ಲಿ ಮೂವರು ಸಿಹಿ ಸುದ್ದಿ ತಂದರೆ ನನ್ನ ಬ್ಯಾಲೆನ್ಸ್ ಶೀಟಿಗೇ ವಾಂತಿ ಶುರು. ಫೀಸು ಏರಿಸುವ ಅಂದ್ರೆ ಅದಕ್ಕೂ ಪರವಾನಗಿ ಬೇಕು. ಶಾಲೆ ಎಂತ, ಎಣ್ಣೆ ಬಾವಿಯಾ?

ನಾದಿನಿ: ನಾನು ಹೇಳುವುದೂ ಅದನ್ನೇ ಭಾವ, ಶಾಲೆ ಒಂದೇ ಯಾಕೆ ಹೊರ್ಬೇಕು? ಪಕ್ಕದ ಒಮಾನ್ ನೋಡಿ. 2023ರಲ್ಲಿ ಹೊಸ ಕಾನೂನು ತಂದು ತಾಯಿಗೆ 98 ದಿನ, ತಂದೆಗೆ 7 ದಿನ ಮಾಡಿದರು. ಅದಕ್ಕಿಂತ ದೊಡ್ಡ ಕೆಲಸ, ಆ ದುಡ್ಡಿಗೆ ಒಂದು ವಿಮೆ ನಿಧಿ ಕಟ್ಟಿದರು. ಮಾಲೀಕರು ಪ್ರತಿ ಕೆಲಸಗಾರನ ಸಂಬಳದ ಮೇಲೆ ನೂರಕ್ಕೆ ಒಂದು ಪಾಲು ಅದಕ್ಕೆ ಹಾಕ್ತಾರೆ, ರಜೆಯ ಸಂಬಳ ನಿಧಿಯಿಂದ ಬರ್ತದೆ. ನಮ್ಮ ಹಾಗೆ ಹೊರಗಿನಿಂದ ಹೋದವರೂ ಅದರೊಳಗೆ ಉಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಒಡಂಬಡಿಕೆ ಕೇಳುವುದೂ ಇದನ್ನೇ: ಕಮ್ಮಿ ಅಂದ್ರೆ 14 ವಾರ ರಜೆ, ಅದರ ಖರ್ಚು ಒಬ್ಬ ಮಾಲೀಕನ ತಲೆಗೇ ಬೀಳಬಾರದು. ಈಗ ನಿಮ್ಮ ಯಂತ್ರ ಒತ್ತಿ. ನೂರು ಜನ, ತಲಾ 4,000, ನೂರಕ್ಕೆ ಒಂದು.

ಭಾವ: ತಿಂಗಳಿಗೆ 4,000. ವರ್ಷಕ್ಕೆ 48,000. ಆರು ಹೆರಿಗೆಗೆ 42,000... ಅರೆ, 6,000 ಉಳೀತದೆ! (ತಟ್ಟನೆ) ನಿಲ್ಲು, ಮೋಸ ಉಂಟು. ಒಮಾನಿನ ಹಾಗೆ 98 ದಿನ ಕೊಟ್ಟರೆ ಒಂದು ಹೆರಿಗೆಗೆ 13,000 ದಾಟ್ತದೆ. 48,000ದಲ್ಲಿ ಮೂರು ಹೆರಿಗೆ. ನಾಲ್ಕನೆಯವಳಿಗೆ ಎಂತ ಕೊಡುವುದು, ನೀರುದೋಸೆಯಾ?

ನಾದಿನಿ: ಸ್ಕೂಲಿನೊಳಗೇ ಡಬ್ಬಿ ಇಟ್ಟರೆ ಹಾಗೆಯೇ ಆಗ್ತದೆ, ಯಾಕಂದ್ರೆ ಶಾಲೆ ತುಂಬ ಹೆಂಗಸರು. ಡಬ್ಬಿ ದೇಶಕ್ಕೆಲ್ಲ ಒಂದೇ ಇರ್ಬೇಕು. ಗಂಡಸರೇ ತುಂಬಿರುವ ಕನ್‌ಸ್ಟ್ರಕ್ಷನ್ ಕಂಪನಿಯೂ ಅದಕ್ಕೆ ಹಾಕ್ಬೇಕು.

ಭಾವ: ಹೆರದ ಕಂಪನಿ ಯಾಕೆ ಹಾಕ್ಬೇಕು? ಕ್ರೇನು ಎಲ್ಲಿಯಾದರೂ ಮರಿ ಹಾಕ್ತದಾ?

ನಾದಿನಿ: ಕ್ರೇನು ಹಾಕುವುದಿಲ್ಲ, ಅಲ್ಲಿಯ ಇಂಜಿನಿಯರ್ ಹೆಂಡತಿ ಹೆರ್ತಾಳೆ. ಅವಳು ಎಲ್ಲಿ ಕೆಲಸ ಮಾಡುವುದು? ನಿಮ್ಮ ಸ್ಕೂಲಿನಲ್ಲಿ ಸೈನ್ಸ್ ಟೀಚರ್! ಮಗು ಇಬ್ಬರದ್ದು. ಅಪ್ಪನ ಕಂಪನಿ ಕೊಡುವುದು ಐದು ದಿನ, ಅಮ್ಮನ ಶಾಲೆ ಕೊಡುವುದು ಅರವತ್ತು. ಈಗಲೇ ಕಂಪನಿಯ ಪಾಲಿನ ಹೊರೆಯನ್ನು ನಿಮ್ಮ ಶಾಲೆ ಹೊರ್ತಾ ಉಂಟು. ಅಕೌಂಟೆಂಟ್ ಆಗಿ ಇಷ್ಟು ವರ್ಷ ಇದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?

ಭಾವ: (ದೋಸೆ ಕೈಯಲ್ಲೇ ಉಳಿಯಿತು) ಅದು... ಲೆಕ್ಕ ಸರಿಯೇ ಉಂಟು. ಆದ್ರೆ ದುಡ್ಡು ಬಂದರೂ ಮಕ್ಕಳ ಪಾಠ? ಹತ್ತನೇ ಕ್ಲಾಸಿನವರು ಬೋರ್ಡ್ ಪರೀಕ್ಷೆಗೆ ಕೂತಿರುವಾಗ ಟೀಚರ್ ಮೂರು ತಿಂಗಳು ತೊಟ್ಟಿಲು ತೂಗ್ತಾ ಇದ್ದರೆ?

ನಾದಿನಿ: ಹೆರಿಗೆಯಷ್ಟು ಮುಂಚಿತವಾಗಿ ನೋಟಿಸ್ ಕೊಡುವ ರಜೆ ಇನ್ನೊಂದಿಲ್ಲ. ತಿಂಗಳುಗಟ್ಟಲೆ ಮೊದಲೇ ಗೊತ್ತಿರ್ತದೆ, ಬದಲಿ ಟೀಚರನ್ನು ನಿಧಾನಕ್ಕೆ ಹುಡುಕಬಹುದು. ಪಾಠ ಹಾಳಾಗುವುದು 60 ದಿನ ಸಾಲದೆ ಟೀಚರ್ ನಡು ವರ್ಷ ರಾಜೀನಾಮೆ ಕೊಟ್ಟಾಗ. ಆಗ ಹೊಸಬಳ ಇಂಟರ್‌ವ್ಯೂ, ವೀಸಾ, ಟಿಕೆಟು, ಅವಳಿಗೆ ಮಕ್ಕಳ ಹೆಸರು ಗೊತ್ತಾಗುವಾಗ ಪರೀಕ್ಷೆಯೇ ಮುಗಿದಿರ್ತದೆ. ಆ ಖರ್ಚನ್ನು ನೀವು ಹೆರಿಗೆ ರಜೆಯ ಕಾಲಮ್ಮಿನಲ್ಲಿ ಬರೆಯುವುದಿಲ್ಲ, ಅದಕ್ಕೇ ಸಣ್ಣ ರಜೆ ನಿಮಗೆ ಲಾಭ ಅಂತ ಕಾಣ್ತದೆ.

ಭಾವ: ಅಂತೂ ನಿಧಿ ಆದ್ರೆ ಶಾಲೆಗೂ ಹಗುರ ಅಂತೀಯಾ. ಹಾಗಾದ್ರೆ ಇಂಟರ್‌ವ್ಯೂನಲ್ಲಿ ‘ಮದುವೆ ಆಗಿದ್ಯಾ, ಮಕ್ಕಳ ಆಲೋಚನೆ ಉಂಟಾ’ ಅಂತ ಕೇಳುವುದು ಕೂಡ ಬೇಡ ಅಂತಾಯ್ತು. ಮತ್ತೆ ಎಂತ ಕೇಳುವುದು?

ನಾದಿನಿ: ಲೆಕ್ಕ ಬರ್ತದಾ ಅಂತ ಕೇಳಿ.

ಭಾವ: ಬರದಿದ್ದರೆ?

ನಾದಿನಿ: ಅಕೌಂಟ್ಸ್ ಸೆಕ್ಷನ್ನಿಗೆ ಹಾಕಿ!