ಡೋಣಿ ತೀರದವರ ಅಳಲು

ಎಂಬತ್ತರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಅಂತ ಒಂದೇ ಅಕ್ಷರಕ್ಕೆ ಇಳಿಸಿತ್ತು. ರಾಜಕಾರಣಿಗೆ ಅದೆಲ್ಲ ಇದ್ದದ್ದೇ ಬಿಡಿ. ತೊಂಬತ್ತರ ದಶಕದ ಟ್ಯಾಬ್ಲಾಯ್ಡುಗಳು ನಮ್ಮ ಇಡೀ ವಿಜಾಪುರ ಜಿಲ್ಲೆಯನ್ನೇ ಎರಡು ಶಬ್ದಕ್ಕೆ ಇಳಿಸಿಬಿಟ್ಟವು: ಭೀಮಾ ತೀರ. 1995ರಲ್ಲಿ ಶುರುವಾದ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರ್’ ಇಂಡಿ, ಚಡಚಣ ಕಡೆಯ ಹಗೆತನದ ಕಥೆಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ‘ಭೀಮಾ ತೀರದ ಹಂತಕರು’ ಅಂತ ಪುಸ್ತಕವೂ ಬಂತು. ಕಾವೇರಿ ತೀರ, ತುಂಗಾ ತೀರ ಅಂದರೆ ಕವಿಗಳು, ಸಂಗೀತಗಾರರು, ಕಾಫಿ. ನಮ್ಮ ತೀರಕ್ಕೆ ಬಂದದ್ದು ಸುಪಾರಿ, ಸ್ಕೆಚ್ಚು, ಕಂಟ್ರಿ ಪಿಸ್ತೂಲು.

ಆಗ ತಿಕೋಟಾದ ಕಟಿಂಗ್ ಅಂಗಡಿಯೇ ನಮ್ಮ ವಾಚನಾಲಯ. ಬಾಕಿನ ಮೇಲೆ ಕೂತವನೊಬ್ಬ ದೊಡ್ಡ ದನಿಯಲ್ಲಿ ಓದುತ್ತಿದ್ದ. ಉಳಿದವರು ಕ್ಷೌರ ಮುಗಿದರೂ ಏಳುತ್ತಿರಲಿಲ್ಲ. ಒಮ್ಮೆ ನಮ್ಮ ಕಾಕಾ ಕುರ್ಚಿಯಲ್ಲಿದ್ದ, ಗಲ್ಲದ ತುಂಬ ನೊರೆ. ಬಾಕಿನವನು ‘ಕಂಟ್ರಿ ತೆಗೆದು ಎದೆಗಿಟ್ಟ’ ಅನ್ನುವಲ್ಲಿಗೆ ಬಂದು ಪುಟ ಹುಡುಕತೊಡಗಿದ. ಅಂಗಡಿಯವನ ಕೈ ಅಲ್ಲೇ ನಿಂತಿತು. ಕತ್ತಿ ನಿಂತದ್ದು ಕಾಕಾನ ಗಂಟಲ ಮೇಲೆ. ಕಾಕಾ ಉಗುಳು ಸಹ ನುಂಗದೆ ಹಲ್ಲಿನ ಸಂದಿಯಿಂದ ಅಂದ: “ಯಪ್ಪಾ, ಮೊದಲ ಕೈ ತಗಿ. ಆಮ್ಯಾಲೆ ಬೇಕಾದಷ್ಟು ಕೇಳು.”

ನಮ್ಮ ತಕರಾರು ಕೊಲೆಗಳ ಬಗ್ಗೆ ಅಲ್ಲ, ಭೂಗೋಳದ ಬಗ್ಗೆ. ಭೀಮಾ ಹರಿಯುವುದು ಜಿಲ್ಲೆಯ ಬಡಗಣ ಅಂಚಿನಲ್ಲಿ. ವಿಜಾಪುರದಿಂದ ಅಥಣಿ ದಾರಿ ಹಿಡಿದರೆ ತಿಕೋಟಾ, ಜಮಖಂಡಿ ದಾರಿ ಹಿಡಿದರೆ ಬಬಲೇಶ್ವರ. ಯಾವ ದಾರಿ ಹಿಡಿದರೂ ಭೀಮೆಗೆ ಬೆನ್ನು ಮಾಡಿದಂತೆಯೇ. ನಮಗಿರುವುದು ಡೋಣಿ, ಉಪ್ಪುನೀರಿನ ಹೊಳೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತ ಗಾದೆಯೇ ಇದೆ. ಆದರೆ ಜೋಳ ಮುಖಪುಟಕ್ಕೆ ಬರುವ ಮಾಲಲ್ಲ. ತಿಕೋಟಾ ಸುತ್ತ ದ್ರಾಕ್ಷಿ ಬೆಳೆದು ಮನೂಕ ಮಾಡುತ್ತಾರೆ, ಅದೂ ಬರಲಿಲ್ಲ. ಬಬಲೇಶ್ವರದಲ್ಲಿ ಎಮ್ಮೆ ಕಳುವಾದರೂ ‘ಭೀಮಾ ತೀರದಲ್ಲಿ ಮತ್ತೆ...’ ಅಂತಲೇ ತಲೆಬರಹ ಬಂದೀತು ಅಂತ ನಾವು ಕಾಯುತ್ತಿದ್ದೆವು. ಆ ‘ಮತ್ತೆ’ ಬಹಳ ಮುಖ್ಯ. ‘ಮತ್ತೆ ಗುಂಡಿನ ಸದ್ದು’, ‘ಮತ್ತೆ ಹರಿದ ನೆತ್ತರು’. ಬೇಸಗೆಯಲ್ಲಿ ಭೀಮೆ ಬತ್ತಿ ಮಳಲು ಕಾಣುತ್ತಿದ್ದರೂ ಪೇಪರಿನ ಹೊಳೆಗೆ ಮಾತ್ರ ಬರವಿರಲಿಲ್ಲ.

ಇನ್ನೊಂದು ಮೋಜು. 2020ರ ಅಕ್ಟೋಬರಿನಲ್ಲಿ ಭೀಮೆಗೆ ಭಾರೀ ಮಹಾಪೂರ ಬಂದಾಗ ನಾನು ಪೇಪರು ಓದುತ್ತ ಕೂತೆ. ನನ್ನ ಕಣ್ಣಿಗೆ ಬಿದ್ದದ್ದೆಲ್ಲ ‘ನದಿಪಾತ್ರ’, ‘ನದಿ ದಂಡೆ’. ನಿಜವಾಗಿಯೂ ತೀರ ಮುಳುಗಿದಾಗ ‘ತೀರ’ ಎಲ್ಲಿ ಹೋಯಿತೋ! ಬಹುಶಃ ಅದನ್ನು ಪಿಸ್ತೂಲಿನ ಜೊತೆ ಠಾಣೆಯಲ್ಲಿ ಜಪ್ತಿ ಮಾಡಿಟ್ಟಿದ್ದರು.

ಹಾಗಂತ ಲಾಭವೇ ಇಲ್ಲ ಅನ್ನಲಾರೆ. ಬೆಂಗಳೂರಿನಲ್ಲಿ ಓದಲು ಹೋದ ನಮ್ಮ ಹುಡುಗರು ಮೊದಮೊದಲು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಬರಬರುತ್ತ ಮೀಸೆ ತಿರುವಲು ಕಲಿತರು. 2012ರಲ್ಲಿ ದುನಿಯಾ ವಿಜಯ್ ಅವರ ‘ಭೀಮಾ ತೀರದಲ್ಲಿ’ ತೆರೆಗೆ ಬಂದ ಮೇಲಂತೂ ಮೆಸ್ಸಿನಲ್ಲಿ ಕೇಳದೆಯೇ ಎರಡನೇ ಸಲ ಸಾರು ಬೀಳುತ್ತಿತ್ತಂತೆ. ಬಾಯಿ ಬಿಟ್ಟರೆ ‘ರೀ’ ಬಿಟ್ಟು ಮಾತಾಡದ, ಇರುವೆ ಕಂಡರೆ ದಾಟಿ ಹೋಗುವ ಹುಡುಗರಿವರು!

ಕಾಕಾನ ಮಗನಿಗೆ ಅಲ್ಲೊಂದು ಬಾಡಿಗೆ ಖೋಲಿ ನೋಡಲು ನಾನೂ ಜೊತೆಗೆ ಹೋಗಿದ್ದೆ. ಮನೆ ಮಾಲೀಕರು ಊರು ಕೇಳಿದರು. “ವಿಜಾಪುರರೀ,” ಅಂದ ಕಾಕಾ. ಮಾಲೀಕರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ, “ಓ, ಭೀಮಾ ತೀರ!” ಅಂದರು. ಅಡ್ವಾನ್ಸಿನ ಮೊತ್ತ ತಾನಾಗಿಯೇ ಇಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಇನ್ನಷ್ಟು ಇಳಿಯುತ್ತಿತ್ತು. ಕಾಕಾನ ಸ್ವಾಭಿಮಾನ ಬಿಡಬೇಕಲ್ಲ?

“ಭೀಮಾ ಅಲ್ರೀ ಸಾಹೇಬ್ರ, ನಮ್ದು ಡೋಣಿ ತೀರ.”

ಮಾಲೀಕರು ಕ್ಷಣ ಯೋಚಿಸಿ ಕೇಳಿದರು: “ಪಾರ್ಟ್ ಟೂನಾ? ಯಾವಾಗ ರಿಲೀಸು?”