ಶುನಕವೈದ್ಯಾಧಿಕಾರ ನಿರ್ಣಯ

ಸಾಕಿದ ನಾಯಿಯನ್ನು ರೋಗಿಗಳಿಗೆ ಸಾಂತ್ವನ ನೀಡುವ ಥೆರಪಿ ನಾಯಿ ಮಾಡಹೊರಟವರ ಮುಂದೆ ಶಾಸ್ತ್ರವು ಇಡುವ ಮೊದಲ ಪ್ರಶ್ನೆ ಅಧಿಕಾರಿಯದು. ಇಲ್ಲಿ ಪರೀಕ್ಷೆಗೆ ಒಳಗಾಗುವವರು ಯಾರು, ನಾಯಿಯೋ ಯಜಮಾನನೋ?

ನಾಯಿಯೇ, ಎಂಬುದು ಪೂರ್ವಪಕ್ಷ. ಇದಕ್ಕೆ ಪ್ರಮಾಣ ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರೊಂದಿಗೂ ಬೆರೆಯದ ಹುಡುಗನೊಬ್ಬ ಅವರ ನಾಯಿ ಜಿಂಗಲ್ಸ್‌ನೊಡನೆ ಸಲಿಗೆ ಬೆಳೆಸಿದ. ಲೆವಿನ್ಸನ್ 1962ರಲ್ಲಿ ನಾಯಿಯನ್ನು ಸಹಚಿಕಿತ್ಸಕನೆಂದೇ ಕರೆದು ಲೇಖನ ಬರೆದರು. ಅದಕ್ಕೂ ಮುಂಚೆ ಸಭೆಯೊಂದರಲ್ಲಿ ಈ ವಿಷಯ ಎತ್ತಿದಾಗ, ಫೀಸಿನಲ್ಲಿ ನಾಯಿಗೆಷ್ಟು ಪಾಲು ಎಂದು ಕೇಳಿ ನಕ್ಕವರಿದ್ದರಂತೆ. (ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಇನ್ನೂ ಬಾಕಿ.) ಫ್ರಾಯ್ಡ್ ಮಹಾಶಯರ ನಾಯಿ ಜೋಫಿಯಂತೂ ರೋಗಿಯ ಸಮಯ ಮುಗಿದೊಡನೆ ಎದ್ದು ಆಕಳಿಸುತ್ತಿತ್ತಂತೆ.

ಈ ಪಕ್ಷ ನಿಲ್ಲುವುದಿಲ್ಲ. ಥೆರಪಿಗೆ ಮೊದಲ ಮೆಟ್ಟಿಲೆಂದು ಅನೇಕರು ಹತ್ತುವುದು ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಶುರುಮಾಡಿದ 'ಕೆನೈನ್ ಗುಡ್ ಸಿಟಿಜನ್' ಪರೀಕ್ಷೆ. ಅದರಲ್ಲಿ 10 ಅಂಗಗಳು. ಅಪರಿಚಿತರು ಮೈದಡವಿದರೆ ಸಹಿಸಬೇಕು, ಜನರ ನಡುವೆ ನೆಟ್ಟಗೆ ನಡೆಯಬೇಕು, ಇತ್ಯಾದಿ. ಕೊನೆಯದು ಘೋರ: ಯಜಮಾನ ಕಣ್ಮರೆಯಾಗಿ 3 ನಿಮಿಷ ಇರಬೇಕು. ಶಾಸ್ತ್ರೋದಾಹರಣೆಗಳ ಖಾಯಂ ಬಡಪಾಯಿ ದೇವದತ್ತನನ್ನೇ ಇಲ್ಲಿಗೂ ಕರೆಯೋಣ. ಅವನ ಟಾಮಿ ಪರಕೀಯರ ಕೈಯಲ್ಲಿ ಹಗ್ಗ ಕೊಟ್ಟು ಕಾಲು ಚಾಚಿ ಮಲಗಿದೆ. ಬಾಗಿಲ ಸಂದಿಯಲ್ಲಿ ಕಾಣುವ ಮೂಗು ದೇವದತ್ತನದು.

ಪರೀಕ್ಷೆಯ ವೇಳೆ ತಿಂಡಿಯ ಆಮಿಷ ನಿಷಿದ್ಧ. ಮುಂದೆ ಥೆರಪಿಯ ಪರೀಕ್ಷೆಗಳಲ್ಲಿ ಗಾಲಿಕುರ್ಚಿ, ಊರುಗೋಲು, ದಢಾರನೆ ಬೀಳುವ ಸದ್ದು. ನೆಲದ ಮೇಲೆ ಬಿಸ್ಕತ್ತು ಕಂಡರೂ ಕಾಣದಂತೆ ದಾಟಬೇಕು. ಟಾಮಿ ದಾಟೀತು. ಆದರೆ ಬಿಸ್ಕತ್ತು ಕಂಡೊಡನೆ ದೇವದತ್ತ ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಾನೆ, ಆ ಬಿಗಿತ ಕೊರಳಪಟ್ಟಿಗೆ ಇಳಿಯುತ್ತದೆ. ಇಲ್ಲೇನೋ ಗಂಡಾಂತರವಿದೆ ಎಂದು ಟಾಮಿ ತಲೆಯೆತ್ತುತ್ತದೆ.

ಆಸ್ಪತ್ರೆಯ ವಾರ್ಡಿನಲ್ಲೂ ಇದೇ ಕಥೆ. ಡ್ರಿಪ್ ಹಾಕಿದ ಕೈಯಿಂದ ಅಜ್ಜಿಯೊಬ್ಬರು ಕಿವಿ ಸವರುವಾಗ ಟಾಮಿ ಮಂಚದಂಚಿಗೆ ಗದ್ದವಿಟ್ಟು ಸುಮ್ಮನಿರುತ್ತದೆ. ಚಿಕಿತ್ಸೆ ಎಂದರೆ ಅಷ್ಟೇ. ದೇವದತ್ತ ಮಾತ್ರ ಅದರ ತಳಿ, ಊಟ, ಬಾಲಲೀಲೆ ಎಲ್ಲವನ್ನೂ ವರ್ಣಿಸುತ್ತಾನೆ. ಇವನ ಕಥೆ ಮುಗಿಯುವವರೆಗೆ ಅಜ್ಜಿಗೆ ತಮ್ಮ ಹಳೆಯ ನಾಯಿಯ ಹೆಸರು ಹೇಳಲೂ ಬಿಡುವಿಲ್ಲ.

ಆದ್ದರಿಂದ ಸಿದ್ಧಾಂತ: ಅಧಿಕಾರಿ ಯಜಮಾನನೇ, ನಾಯಿ ಸಾಕ್ಷಿ. ಥೆರಪಿ ನಾಯಿಗಳನ್ನು ನೋಂದಾಯಿಸುವ ಪೆಟ್ ಪಾರ್ಟ್‌ನರ್ಸ್ ಸಂಸ್ಥೆ ಇಬ್ಬರನ್ನೂ ಜೋಡಿಯಾಗಿ ಪರೀಕ್ಷಿಸಿ, 2 ವರ್ಷಕ್ಕೊಮ್ಮೆ ಮತ್ತೆ ಕರೆಯುತ್ತದೆ. ಕಲಿತದ್ದನ್ನು ಟಾಮಿ ಮರೆತೀತೆಂಬ ಭಯ ಯಾರಿಗೂ ಇದ್ದಂತಿಲ್ಲ.